ರಜೆ ಮುಗಿದ ಮೇಲೆ ಮಗಳು ಎಲ್ಲ ಮರೆತಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳು ಈಗ ಮೂರನೇ ತರಗತಿ. ಎರಡು ತಿಂಗಳ ರಜೆ ಮುಗಿದು ಶಾಲೆ ಶುರುವಾಗಿ ಎರಡು ವಾರ ಆಯಿತು. ರಜೆಗೆ ಮುಂಚೆ ಮಗ್ಗಿಯನ್ನು ಪಟಪಟ ಅಂತ ಒಪ್ಪಿಸುತ್ತಿದ್ದಳು. ಈಗ ಏಳರ ಮಗ್ಗಿ ಕೇಳಿದರೆ ಮಧ್ಯದಲ್ಲೇ ನಿಂತುಬಿಡುತ್ತಾಳೆ. ಕಳೆಯುವ ಲೆಕ್ಕ ಪೂರ್ತಿ ತಪ್ಪು. ನಿನ್ನೆ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಳು. ಒತ್ತಕ್ಷರದ ಪದ ಬಂದರೆ ತಡವರಿಸುತ್ತಾಳೆ, ಕೈಬರಹವೂ ಕೆಟ್ಟಿದೆ. ದಿನಾ ಹೋಂವರ್ಕ್‌ಗೆ ಎರಡು ಗಂಟೆ ಹಿಡಿಯುತ್ತದೆ. ಕೊನೆಗೆ ಅವಳ ಅಳು, ನನ್ನ ಕೂಗಾಟ. ಬೇಗ ಮುಗಿಯಲಿ ಎಂದು ಎಷ್ಟೋ ಸಲ ಉತ್ತರವನ್ನು ನಾನೇ ಹೇಳಿಬಿಡುತ್ತೇನೆ. ರಜೆಗೆಂದು ಕೊಟ್ಟಿದ್ದ ಹೋಂವರ್ಕನ್ನು ಕೊನೆಯ ನಾಲ್ಕು ದಿನದಲ್ಲಿ ಕೂರಿಸಿ ಮುಗಿಸಿದ್ದೆವು. ನನಗೆ ಚಿಕ್ಕಂದಿನಿಂದ ಲೆಕ್ಕ ಅಂದರೆ ಭಯ. ನಮ್ಮ ಮನೆಯವರು ಟ್ಯೂಷನ್‌ಗೆ ಹಾಕೋಣ ಅನ್ನುತ್ತಾರೆ. ಟೀಚರ್‌ನ ಕೇಳಿದರೆ, "ಅರ್ಧ ಕ್ಲಾಸು ಹೀಗೇ ಇದೆ, ಸರಿಹೋಗುತ್ತೆ ಬಿಡಿ" ಅಂದರು. ಅಷ್ಟರಲ್ಲಿ ಪಾಠ ಮುಂದೆ ಹೋಗಿಬಿಟ್ಟರೆ? ಅವಳು ಹಿಂದೆ ಬಿದ್ದೇಬಿಡುತ್ತಾಳಾ?

ಉತ್ತರ: ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಇಂಥ ಪ್ರಶ್ನೆಗಳು ನನಗೆ ತುಂಬ ಬರುತ್ತವೆ. ಪ್ರಾಥಮಿಕ ತರಗತಿಗಳಲ್ಲಿ ಪಾಠ ಮಾಡಿ, ಈಗ ಕಲಿಕೆಯಲ್ಲಿ ತೊಡಕಿರುವ ಮಕ್ಕಳ ಜೊತೆ ಕೆಲಸ ಮಾಡುತ್ತಿರುವವಳು ನಾನು. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುವಂಥದ್ದು. ಮಗ್ಗಿ ಮರಳುತ್ತದೆ, ಓದು ಮರಳುತ್ತದೆ, ಕೈಬರಹವೂ ಮರಳುತ್ತದೆ. ಆದರೆ ಆ 52ರ ಲೆಕ್ಕ ಇದೆಯಲ್ಲ, ಅದು ಬೇರೆ ವಿಷಯ. ಅದಕ್ಕೆ ರಜೆ ಕಾರಣ ಅಲ್ಲ ಎಂದು ನನಗೆ ಅನಿಸುತ್ತಿದೆ. ಈ ಎರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಅರ್ಧ ಆತಂಕ ಕಡಿಮೆಯಾಗುತ್ತದೆ. ಉಳಿದ ಅರ್ಧಕ್ಕೆ ಏನು ಮಾಡಬೇಕೆಂದೂ ಗೊತ್ತಾಗುತ್ತದೆ.

"ಎಲ್ಲ ಮರೆತಿದ್ದಾಳೆ" ಎಂಬುದನ್ನೇ ಮೊದಲು ತೆಗೆದುಕೊಳ್ಳೋಣ. ಕೇಳಿದ ತಕ್ಷಣ ಉತ್ತರ ಬರದಿದ್ದರೆ ಅದು ತಲೆಯಿಂದ ಅಳಿಸಿಹೋಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ ಎಂಬುದು ತುಂಬ ಹಿಂದೆಯೇ ಗೊತ್ತಾದ ಸಂಗತಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳ ಉದ್ದುದ್ದ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಮರೆಯಲು ಬಿಟ್ಟು, ಮತ್ತೆ ಕಲಿತು ನೋಡಿದ. 1885ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಕಲಿತದ್ದು ಮೊದಮೊದಲು ವೇಗವಾಗಿ ಮರೆತುಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಅವನು ಕಂಡುಕೊಂಡ ಇನ್ನೊಂದು ಮಾತು ನಮಗೆ ಹೆಚ್ಚು ಬೇಕಾದದ್ದು: ಎರಡನೇ ಸಲ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಹೊತ್ತು ಸಾಕು. ಅಂದರೆ ನೆನಪಿಗೆ ಬಾರದಿದ್ದರೂ ಒಳಗೆ ಏನೋ ಉಳಿದಿರುತ್ತದೆ. ನಿಮ್ಮ ಮಗಳು ಏಳರ ಮಗ್ಗಿಯನ್ನು ಮೊದಲ ಸಲ ಕಲಿಯಲು ಎಷ್ಟು ದಿನ ಬೇಕಾಯಿತೋ ನೆನಪಿದೆಯಾ? ಈಗ ಅಷ್ಟು ದಿನ ಬೇಕಾಗುವುದಿಲ್ಲ.

ಉದ್ದ ರಜೆಯಲ್ಲಿ ಮಕ್ಕಳು ಎಷ್ಟು ಮರೆಯುತ್ತಾರೆ ಎಂಬ ಬಗ್ಗೆಯೂ ಅಧ್ಯಯನಗಳು ಆಗಿವೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು 1996ರಲ್ಲಿ ಅಂಥ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇಸಿಗೆ ರಜೆ ಮುಗಿದಾಗ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಇರುತ್ತಾರೆ ಎಂಬುದು ಅವರ ಲೆಕ್ಕ. ಜಾಸ್ತಿ ಪೆಟ್ಟು ಬೀಳುವುದು ಕೂಡು-ಕಳೆಯುವ ಲೆಕ್ಕಕ್ಕೆ ಮತ್ತು ಕಾಗುಣಿತಕ್ಕೆ. ಓದಿಗೆ ಅಷ್ಟಾಗಿ ಬೀಳುವುದಿಲ್ಲ. ಇದಕ್ಕೆ ಕಾರಣ ಸುಲಭ. ರಜೆಯಲ್ಲೂ ಮಗುವಿನ ಕಣ್ಣಿಗೆ ಬೋರ್ಡು, ಪೊಟ್ಟಣ, ಟಿವಿ ಪರದೆ ಎಲ್ಲ ಕಡೆ ಪದಗಳು ಬೀಳುತ್ತಲೇ ಇರುತ್ತವೆ. ಆದರೆ "52ರಲ್ಲಿ 27 ಹೋದರೆ ಎಷ್ಟು" ಎಂದು ರಜೆಯಲ್ಲಿ ಯಾರು ಕೇಳುತ್ತಾರೆ?

ಒಂದು ಮಾತು ಸೇರಿಸಬೇಕು. ಈ "ಒಂದು ತಿಂಗಳು" ಎಂಬ ಅಂಕಿಯ ಬಗ್ಗೆ ಆಮೇಲೆ ಬೇರೆ ಸಂಶೋಧಕರು ಪ್ರಶ್ನೆ ಎತ್ತಿದ್ದಾರೆ. ಪಾಲ್ ವಾನ್ ಹಿಪ್ಪೆಲ್ ಎಂಬವರು 2019ರಲ್ಲಿ ಇದರ ಬಗ್ಗೆ ಬರೆದು, ಬಳಸುವ ಪರೀಕ್ಷೆ ಬದಲಾದರೆ ನಷ್ಟದ ಅಳತೆಯೂ ಬದಲಾಗುತ್ತದೆ ಎಂದು ತೋರಿಸಿದರು. ಹಾಗಾಗಿ "ನನ್ನ ಮಗು ಎಷ್ಟು ತಿಂಗಳು ಹಿಂದೆ ಬಿದ್ದಿದೆ" ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಆ ಲೆಕ್ಕದಿಂದ ನಾಳೆ ಸಂಜೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ತಿಳಿಯುವುದು ತಪ್ಪುಗಳನ್ನು ನೋಡಿದಾಗ.

ತಪ್ಪುಗಳಲ್ಲಿ ಎರಡು ಬಗೆ. ಒಂದು, ಕಲಿತಿತ್ತು, ಬಳಸದೆ ಮಂಕಾಗಿದೆ. ಇನ್ನೊಂದು, ರಜೆಗೆ ಮುಂಚೆಯೂ ಸರಿಯಾಗಿ ಕೂತಿರಲಿಲ್ಲ. ಆಗ ತರಗತಿಯಲ್ಲಿ ಒಂದೇ ಬಗೆಯ ಲೆಕ್ಕವನ್ನು ದಿನಾ ಮಾಡಿಸುತ್ತಿದ್ದರು, ಮಾಡುವ ಕ್ರಮ ಕೈಗೆ ಅಭ್ಯಾಸವಾಗಿತ್ತು, ಹಾಗಾಗಿ ಉತ್ತರ ಸರಿ ಬರುತ್ತಿತ್ತು. ಎರಡು ತಿಂಗಳು ಬಿಟ್ಟ ಕೂಡಲೇ ಕ್ರಮ ಮರೆತುಹೋಯಿತು. ಕೆಳಗೆ ಅರ್ಥ ಇರಲಿಲ್ಲವಾದ್ದರಿಂದ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ನನ್ನ ಅನುಭವದಲ್ಲಿ, ರಜೆಯ ಮೇಲೆ ನಾವು ಹಾಕುವ ದೂರಿನಲ್ಲಿ ಒಂದು ದೊಡ್ಡ ಪಾಲು ಈ ಎರಡನೇ ಬಗೆಗೆ ಸೇರಿದ್ದು. ರಜೆ ಅದನ್ನು ಹುಟ್ಟಿಸುವುದಿಲ್ಲ, ಹೊರಗೆ ತೋರಿಸುತ್ತದೆ ಅಷ್ಟೆ.

ಇವೆರಡನ್ನು ಮನೆಯಲ್ಲೇ ಗುರುತಿಸಬಹುದು. ಮಗು ತಡವರಿಸಿದಾಗ ಸುಮ್ಮನೆ ಸ್ವಲ್ಪ ಹೊತ್ತು ಕಾಯಿರಿ. ಮನಸ್ಸಿನಲ್ಲಿ ನಿಧಾನವಾಗಿ ಹತ್ತರ ತನಕ ಎಣಿಸಿ. ಬಾರದಿದ್ದರೆ ಒಂದು ಸಣ್ಣ ಸುಳಿವು ಕೊಡಿ. "ಏಳು ಎಂಟ್ಲ" ಬರಲಿಲ್ಲ ಅಂದರೆ, "ಏಳು ಏಳ್ಲ ಎಷ್ಟು?" ಎಂದು ಕೇಳಿ. "49... ಓ, 56!" ಎಂದು ಬಂದರೆ ಅದು ಮಂಕಾದದ್ದು ಮಾತ್ರ. ಚಿಂತೆ ಬೇಡ. ಸುಳಿವು ಕೊಟ್ಟರೂ ಬಾರದಿದ್ದರೆ, ಅಥವಾ ತಪ್ಪು ಉತ್ತರವನ್ನೇ ಪೂರ್ತಿ ಧೈರ್ಯದಿಂದ ಹೇಳಿದರೆ, "ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು" ಎಂದು ಕೇಳಿ. ತನಿಖೆಯ ದನಿ ಬೇಡ. ನಿಜಕ್ಕೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿ. ಮಕ್ಕಳು ತಮ್ಮ ದಾರಿಯನ್ನು ಹೇಳಿಕೊಡುತ್ತಾರೆ. ಆ ದಾರಿಯಲ್ಲಿ ಎಲ್ಲಿ ಎಡವಿದ್ದಾರೆ ಎಂದು ನಿಮಗೂ ಕಾಣುತ್ತದೆ.

ಈಗ ನಿಮ್ಮ ಮಗಳ ಲೆಕ್ಕಕ್ಕೆ ಬರೋಣ. 52 − 27 = 35. ನೀವು ಇದನ್ನು "ಪೂರ್ತಿ ತಪ್ಪು" ಅಂದಿದ್ದೀರಿ. ನನಗೆ ಇದರಲ್ಲಿ ಒಂದು ನಿಯಮ ಕಾಣುತ್ತದೆ. ಹತ್ತರ ಮನೆಯಲ್ಲಿ 5ರಿಂದ 2 ಕಳೆದಳು, 3 ಬಂತು. ಬಿಡಿ ಮನೆಯಲ್ಲಿ 2 ಮತ್ತು 7 ಇವೆ. 2ರಿಂದ 7 ಕಳೆಯಲು ಆಗುವುದಿಲ್ಲ. ಆದ್ದರಿಂದ 7ರಿಂದ 2 ಕಳೆದಳು, 5 ಬಂತು. ಉತ್ತರ 35. ಯಾವ ಮನೆಯಲ್ಲೇ ಆಗಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬುದು ಅವಳು ತಾನೇ ಕಟ್ಟಿಕೊಂಡ ನಿಯಮ. ಈ ವಯಸ್ಸಿನ ಮಕ್ಕಳಲ್ಲಿ ಇದು ತುಂಬ ಸಾಮಾನ್ಯವಾದ ತಪ್ಪು, ಜಗತ್ತಿನ ಎಲ್ಲ ಕಡೆ ಶಿಕ್ಷಕರು ಕಾಣುವಂಥದ್ದು. ಇನ್ನೆರಡು ಲೆಕ್ಕ ಕೊಟ್ಟು ನೋಡಿ: 64 − 28, ಆಮೇಲೆ 40 − 17. ಉತ್ತರ 44 ಮತ್ತು 37 ಎಂದು ಬಂದರೆ ನನ್ನ ಊಹೆ ಸರಿ. ಸರಿಯಾದ ಉತ್ತರ 36 ಮತ್ತು 23.

ಹೀಗಿದ್ದಾಗ ಅದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿಸಿದರೆ ಏನಾಗುತ್ತದೆ? ತಪ್ಪು ನಿಯಮವೇ ಇಪ್ಪತ್ತು ಸಲ ಅಭ್ಯಾಸವಾಗುತ್ತದೆ. "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಗದರಿದರೂ ಪ್ರಯೋಜನ ಕಡಿಮೆ. ಸಾಲ ಯಾಕೆ, ಸಾಲ ತಂದರೆ ಒಂದು ಹೋಗಿ ಹತ್ತು ಹೇಗಾಯಿತು ಎಂಬುದು ಅವಳಿಗೆ ಕಂಡಿಲ್ಲ. ಅದನ್ನು ಕೈಯಲ್ಲಿ ಮಾಡಿಸಿ. ಕಡ್ಡಿಗಳನ್ನು ತೆಗೆದುಕೊಂಡು ಹತ್ತು ಹತ್ತರ ಕಟ್ಟು ಕಟ್ಟಿ. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. "ಇದರಿಂದ 27 ನನಗೆ ಕೊಡು" ಎಂದು ಕೇಳಿ. ಎರಡು ಕಟ್ಟು ಕೊಡುತ್ತಾಳೆ. ಏಳು ಬಿಡಿ ಕಡ್ಡಿ ಕೊಡಬೇಕು, ಆದರೆ ಇರುವುದು ಎರಡೇ. ಇಲ್ಲಿ ನೀವು ಬಾಯಿ ಬಿಡಬೇಡಿ. ಅವಳು ಕಡ್ಡಿಗಳನ್ನು ನೋಡುತ್ತಾಳೆ, ನಿಮ್ಮನ್ನು ನೋಡುತ್ತಾಳೆ, ಆಮೇಲೆ ಹೆಚ್ಚಿನ ಮಕ್ಕಳು ತಾವೇ ಒಂದು ಕಟ್ಟು ಬಿಚ್ಚುತ್ತಾರೆ. ಹತ್ತು ಕಡ್ಡಿ ಹೊರಗೆ ಬರುತ್ತವೆ, ಒಟ್ಟು ಹನ್ನೆರಡು ಬಿಡಿ. ಅದರಿಂದ ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟೂ ಉಳಿಯಿತು. 25. ಆ ಕಟ್ಟು ಬಿಚ್ಚಿದ್ದೇ ಪುಸ್ತಕದಲ್ಲಿ "ಸಾಲ" ಎಂದು ಬರೆಯುವುದು. ದಿನಕ್ಕೆ ಮೂರೇ ಲೆಕ್ಕ ಹೀಗೆ ಮಾಡಿ. ಕೆಲವು ದಿನ ಆದ ಮೇಲೆ ಕಡ್ಡಿಯ ಜೊತೆಗೇ ಹಾಳೆಯಲ್ಲೂ ಬರೆಯಲಿ. ಆಮೇಲೆ ಕಡ್ಡಿ ತೆಗೆದಿಡಿ. ಉತ್ತರ ಬಂದ ಮೇಲೆ "25ಕ್ಕೆ 27 ಕೂಡಿಸಿದರೆ ಮತ್ತೆ 52 ಬರುತ್ತಾ?" ಎಂದು ಅವಳೇ ನೋಡಿಕೊಳ್ಳುವುದನ್ನು ರೂಢಿ ಮಾಡಿಸಿ. ತನ್ನ ತಪ್ಪನ್ನು ತಾನೇ ಹಿಡಿಯಲು ಬಂದ ಮಗುವಿಗೆ ಲೆಕ್ಕದ ಭಯ ಬಹಳ ಕಡಿಮೆಯಾಗುತ್ತದೆ.

ಮಗ್ಗಿಯ ವಿಷಯ ಬೇರೆ. ರಜೆಗೆ ಮುಂಚೆ ಪಟಪಟ ಒಪ್ಪಿಸುತ್ತಿದ್ದಳು ಅಂದಿರಿ. ಸಾಲಾಗಿ ಒಪ್ಪಿಸುವುದು ಒಂದು, ಮಧ್ಯದಿಂದ ಕೇಳಿದರೆ ಹೇಳುವುದು ಇನ್ನೊಂದು. ಸಾಲಾಗಿ ಕಲಿತ ಮಗು ಏಳು ಎಂಟ್ಲ ಎಷ್ಟು ಎಂದರೆ ಏಳೊಂದ್ಲ ಏಳರಿಂದ ಶುರು ಮಾಡಿ ಮೇಲೆ ಹತ್ತಬೇಕು. ನಡುವೆ ಒಂದು ಸಾಲು ತಪ್ಪಿದರೆ ಅಲ್ಲೇ ನಿಲ್ಲುತ್ತದೆ. ಒಪ್ಪಿಸುವುದನ್ನು ಬಿಡಬೇಕಿಲ್ಲ, ಅದರಲ್ಲಿ ಒಂದು ಲಯ ಇದೆ, ಮಕ್ಕಳಿಗೆ ಖುಷಿ ಕೊಡುತ್ತದೆ. ಅದರ ಜೊತೆಗೆ ಅಲ್ಲಲ್ಲಿಂದ ಕೇಳಿ. 1, 2, 5, 10ರ ಮಗ್ಗಿ ಹೆಚ್ಚಿನ ಮಕ್ಕಳಿಗೆ ಬರುತ್ತದೆ. 9ರ ಮಗ್ಗಿಗೆ ಹತ್ತರಷ್ಟು ಮಾಡಿ ಒಂದು ಸಲ ಕಳೆದರಾಯಿತು: ಒಂಬತ್ತು ಆರು ಅಂದರೆ 60ರಿಂದ 6 ಕಳೆದರೆ 54. ಮೂರು ನಾಲ್ಕೂ ಒಂದೇ, ನಾಲ್ಕು ಮೂರೂ ಒಂದೇ. ಇಷ್ಟು ತಿಳಿದರೆ ಹತ್ತರ ತನಕದ ಮಗ್ಗಿಯಲ್ಲಿ ನಿಜವಾಗಿ ನೆನಪಿಡಬೇಕಾದದ್ದು 3, 4, 6, 7, 8 ಇವುಗಳನ್ನು ತಮ್ಮತಮ್ಮಲ್ಲೇ ಗುಣಿಸಿದ 15 ಗುಣಾಕಾರ ಮಾತ್ರ. ಅದರಲ್ಲಿ ಅವಳಿಗೆ ಯಾವುದು ಬರುತ್ತದೋ ಅದನ್ನು ಹೊಡೆದುಹಾಕಿ. ಬಹುಶಃ ಆರೋ ಏಳೋ ಉಳಿಯುತ್ತವೆ. ಇಡೀ ಮಗ್ಗಿ ಪುಸ್ತಕ ತೋರಿಸುವುದಕ್ಕಿಂತ ಈ ಆರೇಳನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಮಗುವಿನ ಮುಖವೇ ಬದಲಾಗುತ್ತದೆ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇಗ ಮರಳುತ್ತದೆ. ಹೊಸ ಹೊಸ ಪುಟ ಓದಿಸುವ ಬದಲು ಒಂದೇ ಸಣ್ಣ ಭಾಗವನ್ನು ಮೂರು ನಾಲ್ಕು ಸಲ ಓದಿಸಿ. ಮೊದಲ ಸಲ ನೀವು ಓದಿ, ಅವಳು ಕೇಳಲಿ. ಎರಡನೇ ಸಲ ಇಬ್ಬರೂ ಸೇರಿ. ಆಮೇಲೆ ಅವಳೊಬ್ಬಳೇ. ಒತ್ತಕ್ಷರದಲ್ಲಿ ನಿಂತಾಗ ತಕ್ಷಣ ಹೇಳಿಕೊಡಬೇಡಿ, ಒಂದೆರಡು ಉಸಿರಿನಷ್ಟು ಕಾಯಿರಿ. ಪ್ರತಿ ತಪ್ಪಿಗೂ ನಿಲ್ಲಿಸಿ ತಿದ್ದಿದರೆ ಓದಿದ್ದರ ಅರ್ಥ ಕೈತಪ್ಪುತ್ತದೆ. ಅರ್ಥ ಕೆಡಿಸುವ ತಪ್ಪಿದ್ದರೆ ಮಾತ್ರ ವಾಕ್ಯ ಮುಗಿದ ಮೇಲೆ ಹಿಂದಕ್ಕೆ ಹೋಗಿ. ಕೈಬರಹಕ್ಕೆ ಸ್ವಲ್ಪ ಸಮಯ ಕೊಡಿ. ಎರಡು ತಿಂಗಳು ಪೆನ್ಸಿಲ್ ಹಿಡಿಯದ ಬೆರಳು ಬೇಗ ದಣಿಯುತ್ತದೆ. ಅರ್ಧ ಪುಟ ಚೆನ್ನಾಗಿ ಬರೆದರೆ ಸಾಕು, ಎರಡು ಪುಟ ಬರೆಸಿದರೆ ಎರಡನೆಯದು ಸೊಟ್ಟಗಾಗಿಯೇ ಇರುತ್ತದೆ.

ಇನ್ನು ಹೋಂವರ್ಕ್. ಎರಡು ಗಂಟೆ ಅನ್ನುವುದು ಮೂರನೇ ತರಗತಿಯ ಮಗುವಿಗೆ ಜಾಸ್ತಿ ಆಯಿತು. ಅಮೆರಿಕದಲ್ಲಿ ಶಿಕ್ಷಕರ ಮತ್ತು ಪೋಷಕರ ಸಂಘಟನೆಗಳು ಒಪ್ಪಿರುವ ಒಂದು ಸರಳ ಲೆಕ್ಕ ಇದೆ: ತರಗತಿಗೆ ಹತ್ತು ನಿಮಿಷ. ಮೂರನೇ ತರಗತಿಗೆ ಎಲ್ಲ ವಿಷಯ ಸೇರಿ ಅರ್ಧ ಗಂಟೆ. ಇದು ಅಂದಾಜಿನ ಲೆಕ್ಕ, ಆದರೆ ಮಕ್ಕಳನ್ನು ನೋಡಿದವರಿಗೆ ಇದು ಸರಿ ಅನಿಸುತ್ತದೆ. ಕೂಪರ್ ಮತ್ತು ಜೊತೆಗಾರರೇ 2006ರಲ್ಲಿ ಹೋಂವರ್ಕ್ ಮೇಲಿನ ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ದೊಡ್ಡ ತರಗತಿಗಳಲ್ಲಿ ಹೋಂವರ್ಕ್‌ಗೂ ಕಲಿಕೆಗೂ ಕಂಡ ಸಂಬಂಧ ಚಿಕ್ಕ ತರಗತಿಗಳಲ್ಲಿ ತುಂಬ ದುರ್ಬಲವಾಗಿತ್ತು. ಹೋಂವರ್ಕ್ ಬೇಡವೇ ಬೇಡ ಎಂದು ಇದರ ಅರ್ಥ ಅಲ್ಲ. ಸ್ವಲ್ಪ ಅಭ್ಯಾಸ ಬೇಕು. ಆದರೆ "ಜಾಸ್ತಿ ಮಾಡಿದಷ್ಟೂ ಜಾಸ್ತಿ ಬರುತ್ತದೆ" ಎಂಬ ನಂಬಿಕೆ ಈ ವಯಸ್ಸಿಗೆ ಹೊಂದುವುದಿಲ್ಲ.

ಆ ಎರಡು ಗಂಟೆ ಎಲ್ಲಿ ಹೋಗುತ್ತಿದೆ ಎಂದು ಒಂದು ದಿನ ಸುಮ್ನೆ ಗಮನಿಸಿ. ಪುಸ್ತಕ ಹುಡುಕುವುದು, ರಬ್ಬರು ಹುಡುಕುವುದು, ನೀರು ಕುಡಿಯಲು ಏಳುವುದು, ತಪ್ಪಿಗೆ ಗದರಿಸಿಕೊಳ್ಳುವುದು, ಅಳುವುದು, ಸಮಾಧಾನ ಆಗುವುದು. ನಿಜವಾದ ಕೆಲಸ ಅರ್ಧ ಗಂಟೆಯೂ ಇರಲಿಕ್ಕಿಲ್ಲ. ಮಗು ಎಷ್ಟು ಹೊತ್ತಿಗೆ ಮಲಗುತ್ತಿದೆ ಎಂಬುದನ್ನೂ ನೋಡಿ. ರಜೆಯಲ್ಲಿ ತಡವಾಗಿ ಮಲಗಿ ತಡವಾಗಿ ಏಳುವುದು ಅಭ್ಯಾಸವಾಗಿರುತ್ತದೆ. ಶಾಲೆ ಶುರುವಾದ ಮೇಲೆ ಏಳುವ ಹೊತ್ತು ಮಾತ್ರ ಬದಲಾಗುತ್ತದೆ, ಮಲಗುವ ಹೊತ್ತು ಅಲ್ಲೇ ಉಳಿಯುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ನಿದ್ದೆ ಕಡಿಮೆಯಾದ ಮಗು ಸಂಜೆಯ ಹೊತ್ತಿಗೆ ಮಂಕಾಗಿರುತ್ತದೆ, ಸಣ್ಣದಕ್ಕೂ ಅಳುತ್ತದೆ. ಅದನ್ನು ನಾವು "ಮರೆತಿದ್ದಾಳೆ" ಎಂದು ಓದಿಕೊಳ್ಳುತ್ತೇವೆ. ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ನಾನು ಯಾವ ಪೋಷಕರಿಗಾದರೂ ಮೊದಲು ಹೇಳುವುದು ಇದನ್ನೇ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಪ್ರತಿಯೊಂದಕ್ಕೂ ಅದರದೇ ತೊಂದರೆ ಇದೆ.

ಸುಮ್ಮನೆ ಕಾಯುವುದು ಒಂದು ದಾರಿ. ಟೀಚರ್ ಹೇಳಿದ್ದು ಅದನ್ನೇ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಅರ್ಧ ಕ್ಲಾಸು ಹೀಗೇ ಇದೆ" ಅಂದರೆ ಅವರು ಮಕ್ಕಳನ್ನು ಗಮನಿಸಿದ್ದಾರೆ ಎಂದಾಯಿತು. ಅರ್ಧ ತರಗತಿಗೆ ಬಾರದಿದ್ದರೆ ಹಳೆಯ ಪಾಠವನ್ನು ಮತ್ತೆ ಮಾಡದೆ ಅವರಿಗೂ ವಿಧಿ ಇಲ್ಲ. ಎಷ್ಟೋ ಶಾಲೆಗಳಲ್ಲಿ ಮೊದಲ ಕೆಲವು ವಾರ ಹಿಂದಿನ ವರ್ಷದ್ದನ್ನೇ ತಿರುವಿ ಹಾಕುತ್ತಾರೆ. ಮಂಕಾದದ್ದಕ್ಕೆ ಅಷ್ಟು ಸಾಕು. ಆದರೆ ಆ ಕಳೆಯುವ ಲೆಕ್ಕದಂಥ ತಪ್ಪು ನಿಯಮ ಕಾದರೆ ಹೋಗುವುದಿಲ್ಲ. ಮುಂದೆ ಮೂರಂಕಿ, ನಾಲ್ಕಂಕಿ ಲೆಕ್ಕ ಬಂದಾಗ ಅದೂ ಜೊತೆಗೆ ಬರುತ್ತದೆ, ಭಾಗಾಕಾರದಲ್ಲೂ ಕಾಡುತ್ತದೆ.

ನೀವೇ ಕೂತು ಹೇಳಿಕೊಡುವುದು ಇನ್ನೊಂದು. ಇಲ್ಲಿ ಎರಡು ಮಾತು. ಬೇಗ ಮುಗಿಯಲಿ ಎಂದು ಉತ್ತರ ಹೇಳಿಬಿಟ್ಟಾಗ ಟೀಚರ್ ಕೈಗೆ ಸರಿಯಾದ ಹೋಂವರ್ಕ್ ಹೋಗುತ್ತದೆ. ಮಗುವಿಗೆ ಬರುತ್ತದೆ ಎಂದುಕೊಂಡು ಅವರು ಮುಂದೆ ಹೋಗುತ್ತಾರೆ. ಪಾಠ ಮುಂದೆ ಹೋಗಿಬಿಟ್ಟರೆ ಎಂದು ನೀವು ಹೆದರುತ್ತೀರಿ, ಅಲ್ವಾ? ಉತ್ತರ ಹೇಳಿಕೊಟ್ಟರೆ ಆಗುವುದು ಅದೇ. ತಪ್ಪಿರುವ ಹೋಂವರ್ಕ್ ತಪ್ಪಾಗಿಯೇ ಹೋಗಲಿ, ಅದರಿಂದ ಟೀಚರ್‌ಗೆ ತಿಳಿಯುವುದು ಬಹಳ ಇರುತ್ತದೆ. ಎರಡನೆಯದು, ನಿಮಗೆ ಲೆಕ್ಕ ಅಂದರೆ ಭಯ ಎಂದು ಮುಚ್ಚಿಡದೆ ಬರೆದಿದ್ದೀರಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನೂ ಅವರ ಪೋಷಕರನ್ನೂ ಗಮನಿಸಿತು. ಲೆಕ್ಕದ ಭಯ ಜಾಸ್ತಿ ಇರುವ ಪೋಷಕರು ಪದೇಪದೇ ಲೆಕ್ಕದ ಹೋಂವರ್ಕ್‌ಗೆ ಕೂತಾಗ ಅವರ ಮಕ್ಕಳು ಆ ವರ್ಷ ಲೆಕ್ಕ ಕಡಿಮೆ ಕಲಿತರು, ವರ್ಷದ ಕೊನೆಗೆ ಮಕ್ಕಳಲ್ಲೂ ಭಯ ಹೆಚ್ಚಾಗಿತ್ತು. ಅದೇ ಪೋಷಕರು ಅಷ್ಟಾಗಿ ಕೂರದಿದ್ದಾಗ ಹೀಗಾಗಲಿಲ್ಲ. ಇದು ನಿಮ್ಮ ಮೇಲಿನ ಆರೋಪ ಅಲ್ಲ, ದಯವಿಟ್ಟು ಹಾಗೆ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಲೆಕ್ಕಕ್ಕೆ ಹೆದರದ ಇನ್ನೊಬ್ಬರಿದ್ದರೆ ಆ ಹದಿನೈದು ನಿಮಿಷ ಅವರಿಗೆ ಬಿಡಿ. ಓದು ನೀವು ನೋಡಿಕೊಳ್ಳಿ. ನಿಮ್ಮ ಮನೆಯವರು ಟ್ಯೂಷನ್ ಬಗ್ಗೆ ಯೋಚಿಸುತ್ತಿದ್ದಾರೆ ಅಂದರೆ ಅವರಿಗೂ ಕಾಳಜಿ ಇದೆ. ಕಡ್ಡಿ ಕಟ್ಟು ಬಿಚ್ಚಿಸುವ ಕೆಲಸ ಅವರಿಗೆ ಕೊಡಿ. ಬೇರೆ ಯಾರೂ ಇಲ್ಲದಿದ್ದರೆ ಕಡ್ಡಿಯ ಆಟ ನೀವೇ ಆಡಬಹುದು. ಅದರಲ್ಲಿ ನೀವು ಕಲಿಸಬೇಕಾದದ್ದು ಏನೂ ಇಲ್ಲ, ಜೊತೆಗೆ ಕೂತು ನೋಡಿದರೆ ಸಾಕು.

ಹೊತ್ತು ನೋಡಿ ನಿಲ್ಲಿಸುವುದು ಮೂರನೇ ದಾರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಳೆಯೇ ಇದನ್ನು ಶುರು ಮಾಡುತ್ತೇನೆ. ಹದಿನೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು, ಮತ್ತೆ ಹದಿನೈದು ನಿಮಿಷ. ಅಲ್ಲಿಗೆ ಪುಸ್ತಕ ಮುಚ್ಚಿ. ಉಳಿದದ್ದರ ಬಗ್ಗೆ ಡೈರಿಯಲ್ಲಿ ಟೀಚರ್‌ಗೆ ಎರಡು ಸಾಲು ಬರೆಯಿರಿ: "ಅರ್ಧ ಗಂಟೆ ಕೂತು ಮಾಡಿದ್ದಾಳೆ, ಐದನೇ ಲೆಕ್ಕದ ತನಕ ಆಯಿತು. ಸಾಲ ತೆಗೆಯುವಲ್ಲಿ ಗೊಂದಲ ಇದೆ." ಇದರಲ್ಲೂ ಅಪಾಯ ಇದೆ. ಮೊದಲೇ ಮಾತಾಡದೆ ಹೀಗೆ ಮಾಡಿದರೆ ಮರುದಿನ ತರಗತಿಯಲ್ಲಿ ಮಗುವೇ ಬೈಸಿಕೊಳ್ಳಬೇಕಾಗುತ್ತದೆ. ಅದಕ್ಕೇ ಮೊದಲು ಟೀಚರ್ ಜೊತೆ ಐದು ನಿಮಿಷ ಮಾತಾಡಿ. "ಹೋಂವರ್ಕ್ ಕಡಿಮೆ ಮಾಡಿ" ಎಂದು ಕೇಳುವುದಕ್ಕಿಂತ, "ಇವಳಿಗೆ ಈಗ ಯಾವುದು ಮುಖ್ಯ, ಯಾವುದನ್ನು ಬಿಟ್ಟರೂ ನಡೆಯುತ್ತೆ?" ಎಂದು ಕೇಳಿ. ಹಾಗೆ ಕೇಳಿದವರಿಗೆ ಬಹುತೇಕ ಶಿಕ್ಷಕರು ಉತ್ತರ ಕೊಡುತ್ತಾರೆ. ಆ 35ರ ಲೆಕ್ಕದ ಹಾಳೆಯನ್ನೂ ತೋರಿಸಿ. ಅರ್ಧ ತರಗತಿಯಲ್ಲಿ ಇದೇ ತಪ್ಪು ಇದ್ದರೆ ಅವರಿಗೂ ಉಪಯೋಗಕ್ಕೆ ಬರುತ್ತದೆ.

ಟ್ಯೂಷನ್ ಈಗಲೇ ಬೇಡ ಎನ್ನುವುದು ನನ್ನ ಸಲಹೆ. ಟ್ಯೂಷನ್ ಕೆಟ್ಟದ್ದು ಎಂದಲ್ಲ. ಒಂದು ಮಗು ಎಲ್ಲಿ ಎಡವಿದೆ ಎಂದು ನೋಡಿ, ಅಲ್ಲಿಂದ ಕಲಿಸುವವರು ಸಿಕ್ಕರೆ ಒಳ್ಳೆಯದೇ. ಆದರೆ ಎಷ್ಟೋ ಕಡೆ ಆಗುವುದು ಹೋಂವರ್ಕ್ ಮುಗಿಸಿ ಕಳಿಸುವ ಕೆಲಸ. ಆಗ ನಿಮ್ಮ ಜಗಳ ತಪ್ಪುತ್ತದೆ, ಕಡ್ಡಿಯ ಕಟ್ಟು ಬಿಚ್ಚುವುದು ಮಾತ್ರ ಹಾಗೇ ಉಳಿಯುತ್ತದೆ. ಶಾಲೆಯಿಂದ ದಣಿದು ಬಂದ ಮಗುವಿನ ಆಟದ ಹೊತ್ತು, ನಿದ್ದೆಯ ಹೊತ್ತು ಎರಡೂ ಹೋಗುತ್ತದೆ. ಮುಂದೊಮ್ಮೆ ಕಳಿಸುವುದಾದರೆ, "ಮೊದಲ ವಾರದಲ್ಲಿ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಹೇಗೆ ನೋಡುತ್ತೀರಿ?" ಎಂದು ಅವರನ್ನು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಬೇಡ.

ಗದರುವುದು, ಹೊಡೆಯುವುದರಿಂದ ಮಗ್ಗಿ ಬರುವುದಿಲ್ಲ. ಹೆದರಿದ ಮಗುವಿಗೆ ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ. ಬಹುಮಾನದ ಆಸೆ ತೋರಿಸುವುದರಲ್ಲೂ ಎಚ್ಚರ ಬೇಕು. 1973ರ ಒಂದು ಹೆಸರಾಂತ ಪ್ರಯೋಗದಲ್ಲಿ, ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬರೆದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿದರು. ಆಮೇಲೆ ಬಹುಮಾನ ಇಲ್ಲದ ಹೊತ್ತಿನಲ್ಲಿ ಆ ಮಕ್ಕಳು ಮೊದಲಿಗಿಂತ ಕಡಿಮೆ ಚಿತ್ರ ಬರೆದರು. ಇಷ್ಟಪಟ್ಟು ಮಾಡುತ್ತಿರುವುದಕ್ಕೆ ಬೆಲೆ ಕಟ್ಟಬೇಡಿ. ಕಥೆಪುಸ್ತಕ ಓದಲು ಅವಳಿಗೆ ಖುಷಿ ಇದ್ದರೆ ಅದನ್ನು ಖುಷಿಯಾಗಿಯೇ ಇರಲು ಬಿಡಿ.

ಯಾವಾಗ ಚಿಂತೆ ಮಾಡಬೇಕು ಎಂಬುದನ್ನೂ ಹೇಳಬೇಕು. ನಾನು ಸಾಮಾನ್ಯವಾಗಿ ಐದಾರು ವಾರ ಕಾಯಿರಿ ಎನ್ನುತ್ತೇನೆ. ಅಷ್ಟು ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ, ನಿದ್ದೆಯೂ ಸರಿಯಾದ ಮೇಲೆ ಹೆಚ್ಚಿನ ಮಕ್ಕಳು ರಜೆಗೆ ಮುಂಚೆ ಇದ್ದಲ್ಲಿಗೆ ಬರುತ್ತಾರೆ. ಬರದಿದ್ದರೆ ಹಿಂದಿನ ವರ್ಷದ ನೋಟ್‌ಬುಕ್ ತೆಗೆದು ನೋಡಿ. ಅಲ್ಲೂ ಇದೇ ತಪ್ಪುಗಳಿದ್ದರೆ ರಜೆಯ ಮಾತನ್ನು ಪಕ್ಕಕ್ಕಿಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಸರಿಯಾಗಿ ಕಾಣದ ಮಗು ಅದನ್ನು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಅವೆರಡೂ ಸರಿಯಿದ್ದು, ಮಗು ಇನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ, ಅದೇ ಪದ ಮುಂದಿನ ಸಾಲಿನಲ್ಲಿ ಬಂದಾಗಲೂ ಗುರುತು ಸಿಗದಿದ್ದರೆ, ಸಣ್ಣ ಕೂಡುವ ಲೆಕ್ಕಕ್ಕೂ ಪ್ರತಿ ಸಲ ಬೆರಳು ಎಣಿಸಬೇಕಾದರೆ, 38 ದೊಡ್ಡದೋ 83 ದೊಡ್ಡದೋ ಎಂಬಲ್ಲಿ ಗೊಂದಲ ಇದ್ದರೆ, ಕಲಿಕೆಯ ತೊಡಕುಗಳನ್ನು ಪರೀಕ್ಷಿಸುವ ತಜ್ಞರನ್ನು ಕಾಣಿ. ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು), ಡಿಸ್ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಎಂಬ ಹೆಸರು ಕೇಳಿ ಹೆದರಬೇಡಿ. ಅವು ಬುದ್ಧಿ ಕಡಿಮೆ ಎಂಬುದರ ಗುರುತಲ್ಲ. ಬೇಗ ತಿಳಿದಷ್ಟೂ ಕಲಿಸುವ ದಾರಿ ಬದಲಿಸಲು ಸುಲಭ. ನಿಮ್ಮ ಪತ್ರದಲ್ಲಿ ಇದರ ಲಕ್ಷಣ ನನಗೆ ಕಂಡಿಲ್ಲ. ಆದರೆ ದಿನಾ ಬೆಳಿಗ್ಗೆ ಹೊಟ್ಟೆನೋವು ಎನ್ನುವುದು, ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿಯುವುದು ಶುರುವಾದರೆ ಐದಾರು ವಾರ ಕಾಯಬೇಡಿ. ಅದರ ಹಿಂದೆ ಪಾಠಕ್ಕಿಂತ ಬೇರೆ ಕಾರಣ ಇರಬಹುದು. ಅವಳ ಜೊತೆ ನಿಧಾನವಾಗಿ ಮಾತಾಡಿ.

ರಜೆಯ ಹೋಂವರ್ಕನ್ನು ಕೊನೆಯ ನಾಲ್ಕು ದಿನದಲ್ಲಿ ಮುಗಿಸಿದ್ದಕ್ಕೆ ನೊಂದುಕೊಂಡು ಕೂರಬೇಡಿ. ಬಹಳ ಮನೆಗಳಲ್ಲಿ ಹಾಗೇ ಆಗುತ್ತದೆ. ಅಂಥ ಕೆಲಸದಿಂದ ಪುಟ ತುಂಬುತ್ತದೆ, ಕಲಿಕೆ ಆಗುವುದು ಕಡಿಮೆ. ಅಷ್ಟೇ ಕೆಲಸವನ್ನು ದಿನಗಳ ನಡುವೆ ಹರಡಿದರೆ ಹೆಚ್ಚು ಕಾಲ ಉಳಿಯುತ್ತದೆ. ಮುಂದಿನ ರಜೆಗೆ ಮುಂಚೆ, ಶಾಲೆಯ ಕೊನೆಯ ವಾರದಲ್ಲಿ ಟೀಚರ್‌ನ ಭೇಟಿಯಾಗಿ, "ಇವಳಿಗೆ ಇನ್ನೂ ಸರಿಯಾಗಿ ಕೂರದ ಎರಡು ವಿಷಯ ಯಾವುದು?" ಎಂದು ಕೇಳಿಕೊಳ್ಳಿ. ವಾರಕ್ಕೆ ಮೂರು ದಿನ, ಹತ್ತು ಹತ್ತು ನಿಮಿಷ, ಆ ಎರಡನ್ನು ಮಾತ್ರ ಮಾಡಿ. ಮಲಗುವ ಮುನ್ನ ಇಬ್ಬರೂ ಏನಾದರೂ ಓದಿ. ಉಳಿದ ರಜೆ ಅವಳದು. ಆಡಲಿ, ಬೇಜಾರು ಬಂದರೆ ಸ್ವಲ್ಪ ಬೇಜಾರೂ ಪಡಲಿ. ಶಾಲೆ ಶುರುವಾಗುವ ಒಂದು ವಾರ ಮುಂಚಿನಿಂದ ಮಲಗುವ ಹೊತ್ತು ಸರಿಮಾಡಲು ಶುರು ಮಾಡಿ.